ತೋಳಹುಣಸೆಯಲ್ಲಿ ತರಗತಿ, ಹರಿಹರದಲ್ಲಿ ಟ್ಯೂಷನ್

ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಆವರಣ ಇರುವುದು ಊರಾಚೆಯ ತೋಳಹುಣಸೆಯಲ್ಲಿ. ಹರಿಹರದ ವಿದ್ಯಾರ್ಥಿ ಹದಿನಾಲ್ಕು ಕಿಲೋಮೀಟರು ದಾಟಿ ದಾವಣಗೆರೆಯಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯಬೇಕು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜು ಉಳಿಸಿಕೊಟ್ಟಿದೆ. ದಾರಿಯಲ್ಲಿ ಕಳೆಯುವ ತಾಸುಗಳನ್ನು ಯಾವ ಯೋಜನೆಯೂ ಉಳಿಸಿಕೊಡಲಾರದು. ಎಂ.ಕಾಂ. ಎರಡನೇ ವರ್ಷದ ಹುಡುಗಿಯೊಬ್ಬಳು ‘ಯಾವ ಕೆಲಸ ಹಿಡಿಯಲಿ’ ಎಂದು ಕೇಳಿದರೆ, ಸಂಬಳಕ್ಕಿಂತ ಮೊದಲು ಲೆಕ್ಕ ಹಾಕಬೇಕಾದದ್ದು ಈ ತಾಸುಗಳನ್ನೇ.

ಈ ಪ್ರಶ್ನೆ ಇಷ್ಟೊಂದು ಮನೆಗಳಿಗೆ ಬಂದಿರುವುದರ ಹಿಂದೆ ಒಂದು ಒಳ್ಳೆಯ ಸಂಗತಿಯಿದೆ. ಇಲ್ಲಿನ ಸ್ನಾತಕೋತ್ತರ ಕೇಂದ್ರ 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಅಡಿಯಲ್ಲಿ ಶುರುವಾಯಿತು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿತು, 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಮೈಸೂರಿಗೋ ಧಾರವಾಡಕ್ಕೋ ಕಳಿಸುವ ತಾಕತ್ತಿಲ್ಲದ ಮನೆಗಳ ಮಕ್ಕಳೂ ಎಂ.ಎ., ಎಂ.ಕಾಂ. ಓದುವಂತಾಯಿತು. ಆದರೆ ಮನೆಯಲ್ಲೇ ಇದ್ದು ಓದುವವರಿಗೆ ಮನೆಗೆಲಸ ತಪ್ಪುವುದಿಲ್ಲ, ಮನೆಯ ಸಾಲವೂ ದಿನಾ ಕಣ್ಣಿಗೆ ಬೀಳುತ್ತದೆ. ‘ಓದ್ತಾ ಓದ್ತಾ ಏನಾರ ಮಾಡವ್ವಾ’ ಎಂಬ ಮಾತಿನಲ್ಲಿ ಕಾಠಿಣ್ಯವಿಲ್ಲ, ಕಷ್ಟವಿದೆ.

ಹರಿಹರದಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕ. 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಂದ ಹೆಸರಾಗಿತ್ತು. ಅಲ್ಲಿ ಕೆಲಸ ಸಿಕ್ಕರೆ ಬದುಕು ದಡ ಸೇರಿತು ಎಂದು ಊರು ನಂಬಿತ್ತು. ಹೊಸ ಶತಮಾನದ ಆರಂಭದಲ್ಲಿ ಅದು ಮುಚ್ಚಿತು. ದಾವಣಗೆರೆಯ ಹತ್ತಿ ಗಿರಣಿಗಳೂ ಒಂದೊಂದಾಗಿ ಸದ್ದಡಗಿಸಿದವು. ಹೊಳೆಯಾಚೆ ಕುಮಾರಪಟ್ಟಣದ ಪಾಲಿಫೈಬರ್ಸ್ ಉಳಿದಿದೆ, ನಿಜ. ಆದರೂ ಗೇಟು ಮುಚ್ಚಿದ್ದನ್ನು ಕಂಡ ತಲೆಮಾರು ಮಕ್ಕಳಿಗೆ ಎರಡು ಮಾತನ್ನು ಒಟ್ಟಿಗೇ ಹೇಳುತ್ತದೆ: ಡಿಗ್ರಿ ಬಿಡಬೇಡ, ಕೈಗೆ ಬಂದ ಕೆಲಸವನ್ನೂ ಬಿಡಬೇಡ.

ಕೈಗೆ ಬರುವ ಕೆಲಸಗಳಾದರೂ ಯಾವುವು? ಹರಿಹರದಲ್ಲೇ ಸಂಜೆ ಟ್ಯೂಷನ್. ದಾವಣಗೆರೆಯ ಖಾಸಗಿ ಕಾಲೇಜಿನಲ್ಲಿ ಬೆಳಗಿನ ಪಾಠ. ವ್ಯಾಪಾರದ ಊರಾದ್ದರಿಂದ ಆಡಿಟರ್ ಆಫೀಸುಗಳೂ ಇವೆ. ಎಂ.ಕಾಂ. ಓದುವವರಿಗೆ ಇದೇ ನಿಜವಾದ ಕಲಿಕೆ, ಪುಸ್ತಕದ ಲೆಕ್ಕಕ್ಕೆ ಜೀವ ಬರುವುದು ಇಲ್ಲೇ. ಆದರೆ ಆ ಕೆಲಸ ತಿಂಗಳುದ್ದಕ್ಕೂ ಒಂದೇ ಸಮನಾಗಿರುವುದಿಲ್ಲ. ತಿಂಗಳ ರಿಟರ್ನ್ ಸಲ್ಲಿಸುವ ವ್ಯಾಪಾರಿಗಳ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, 3ಬಿಗೆ 20ನೇ ತಾರೀಖು ಗಡುವು. ಆ ದಿನಗಳಲ್ಲಿ ‘ಅರ್ಧ ದಿನ’ ಎಂದು ಮಾತಾಡಿಕೊಂಡ ಕೆಲಸ ರಾತ್ರಿಯವರೆಗೆ ಎಳೆಯುತ್ತದೆ. ಹರಿಹರದ ಬಸ್ಸಿಗೆ ಕಾಯಬೇಕಾದ ಹುಡುಗಿಗೆ ರಾತ್ರಿ ಎಂಟಕ್ಕೂ ಒಂಬತ್ತೂವರೆಗೂ ಬಹಳ ವ್ಯತ್ಯಾಸವಿದೆ.

ಇನ್ನೊಂದು ಕಡೆ ಕಾಲೇಜು ಉಪನ್ಯಾಸಕರ ಅರ್ಹತೆಯ ನೆಟ್ ಪರೀಕ್ಷೆ, ವರ್ಷಕ್ಕೆ ಎರಡು ಬಾರಿ. ಅದರ ಮೂಲಕ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಟ್ಯೂಷನ್ನಿನ ದುಡ್ಡು ಅದರ ಹತ್ತಿರವೂ ಸುಳಿಯದು. ಆದರೆ ಅದು ಸಿಕ್ಕೇ ಸಿಗುತ್ತದೆಂದು ಯಾರೂ ಹೇಳಲಾರರು, ಟ್ಯೂಷನ್ನಿನ ದುಡ್ಡು ಮಾತ್ರ ತಿಂಗಳ ಕೊನೆಗೆ ಬರುತ್ತದೆ. ಎಂ.ಕಾಂ. ಮುಗಿಸಿ ಸರ್ಕಾರಿ ಕಾಲೇಜಿನ ಅತಿಥಿ ಉಪನ್ಯಾಸಕಿಯಾಗೋಣವೆಂದರೆ, ಅದರದೇ ಬೇರೆ ಕಥೆ. 2022ರ ಜನವರಿಯಲ್ಲಿ ಗೌರವಧನ 11–13 ಸಾವಿರದಿಂದ 26–32 ಸಾವಿರಕ್ಕೆ ಏರಿತು. ಜೊತೆಗೇ ವಾರದ ಪಾಠ 15 ತಾಸಿಗೆ ಏರಿತು. ಇದ್ದ ಪಾಠವನ್ನೇ ಕಡಿಮೆ ಜನರಿಗೆ ಹಂಚಿದಾಗ ಹಲವರು ಹೊರಗುಳಿದರು. 2023ರ ಕೊನೆಯಲ್ಲಿ ಸೇವಾ ಭದ್ರತೆಗಾಗಿ ರಾಜ್ಯದುದ್ದಕ್ಕೂ ಧರಣಿ ಕೂತ ಮೇಲೆ ಸೇವಾವಧಿಗೆ ತಕ್ಕಂತೆ 5,000ದಿಂದ 8,000 ರೂಪಾಯಿವರೆಗೆ ಹೆಚ್ಚಳವೇನೋ ಸಿಕ್ಕಿತು, ಕೇಳಿದ ಕಾಯಮಾತಿ ಸಿಗಲಿಲ್ಲ.

ನನಗೆ ನೋವಾಗುವುದು ನಿಯಮಗಳ ಕಡೆ ನೋಡಿದಾಗ. ಕೆಲಸ ಸಿಗದ ಪದವೀಧರರಿಗೆ ಯುವನಿಧಿ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ಮುಂದೆ ಓದಲು ಸೇರಿದವರಿಗೆ ಅದಿಲ್ಲ. ತರಗತಿಗೆ ಹಾಜರಾತಿ ಕಡ್ಡಾಯ. ಜೆಆರ್‌ಎಫ್ ಪಡೆದವರು ಬೇರೆಡೆ ಸಂಬಳಕ್ಕೆ ದುಡಿಯುವಂತಿಲ್ಲ. ಒಂದೊಂದಕ್ಕೂ ಅದರದೇ ಕಾರಣವಿರಬಹುದು. ಎಲ್ಲವನ್ನೂ ಸೇರಿಸಿ ನೋಡಿದರೆ, ಓದುವವರ ಅನ್ನವನ್ನು ಇನ್ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂಬ ನಂಬಿಕೆಯ ಮೇಲೆ ಇವು ನಿಂತಿವೆ. ತೋಳಹುಣಸೆಗೆ ಎರಡು ಬಸ್ಸು ಹತ್ತಿ ಬರುವ ಎಷ್ಟೋ ಮಕ್ಕಳ ಮಟ್ಟಿಗೆ ಅದು ಸುಳ್ಳು.

ಪುಣೆ ವಿಶ್ವವಿದ್ಯಾಲಯದಲ್ಲಿ ಕರ್ಮವೀರ ಭಾವುರಾವ್ ಪಾಟೀಲರ ಹೆಸರಿನ ‘ದುಡಿ, ಕಲಿ’ ಯೋಜನೆ ಇದೆ. ವಿದ್ಯಾರ್ಥಿಗಳು ಗ್ರಂಥಾಲಯ, ವಿಭಾಗ, ಕಚೇರಿಗಳಲ್ಲಿ ದಿನಕ್ಕೆ ಕೆಲವು ತಾಸು ದುಡಿದು ತಾಸಿನ ಲೆಕ್ಕದಲ್ಲಿ ದುಡ್ಡು ಪಡೆಯುತ್ತಾರೆ. ಕೆಲಸವಿರುವ ಕಟ್ಟಡದ ಪಕ್ಕದಲ್ಲೇ ತರಗತಿ, ನಡುವೆ ಬಸ್ಸಿಲ್ಲ. ಶಿವಗಂಗೋತ್ರಿಗೆ ಬೇಕಾದದ್ದು ಇಂಥದ್ದು ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ವಿದ್ಯಾರ್ಥಿವೇತನ ತಡವಾಗುವ ತಿಂಗಳುಗಳಲ್ಲಂತೂ ಎರಡು ತಾಸಿನ ಗ್ರಂಥಾಲಯದ ಕೆಲಸ ಒಬ್ಬಳ ಓದನ್ನು ಉಳಿಸಬಲ್ಲದು.

ಅದು ಬರುವವರೆಗೆ ಎರಡನೇ ವರ್ಷದಲ್ಲಿರುವವರಿಗೆ ನನ್ನ ಸಲಹೆ ಇಷ್ಟು. ಇಡೀ ದಿನದ ಕೆಲಸ ಈಗ ಬೇಡ. ಊರಲ್ಲೇ ಇರುವ ಟ್ಯೂಷನ್‌ಗೆ ಸಂಬಳ ಕಡಿಮೆಯಾದರೂ ಓಡಾಟವಿಲ್ಲ. ನೆಟ್ ಓದಿಗೆ ಬೆಳಗು ಉಳಿಯುತ್ತದೆ. ಆಡಿಟರ್ ಆಫೀಸು ಬೇಕೇ ಬೇಕೆಂದರೆ, ಸಂಬಳ ಮಾತಾಡುವ ಮೊದಲು ಸಾಹೇಬರನ್ನು ಕೇಳಿ: ಇಪ್ಪತ್ತನೇ ತಾರೀಖು ಎಷ್ಟು ಹೊತ್ತಿಗೆ ಬಿಡುತ್ತೀರಿ, ಪರೀಕ್ಷೆಯ ತಿಂಗಳು ರಜೆ ಕೊಡುತ್ತೀರಾ?