ಬಂದು ಹೋಗುವ ಕರೆಂಟ್: ನಾವು ನಂಬಿದ್ದು, ನಿಜಕ್ಕೂ ನಡೆಯುವುದು

ಮೇ ತಿಂಗಳ ಸಂಜೆ ನಾಲ್ಕು ಹನಿ ಬಿದ್ದರೆ ಸಾಕು, ಹಲಸೂರಿನಿಂದ ಕೆ.ಆರ್. ಪುರದವರೆಗೆ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: "ನಿಮ್ಮಲ್ಲೂ ಕರೆಂಟ್ ಹೋಯ್ತಾ?" ಯಾರಾದರೂ ಉತ್ತರಿಸುವಷ್ಟರಲ್ಲಿ ಬಂದಿರುತ್ತದೆ, ಹತ್ತು ನಿಮಿಷಕ್ಕೆ ಮತ್ತೆ ಮಾಯ. ತಾಸುಗಟ್ಟಲೆ ಹೋದರೆ ಕಾರಣ ಕೇಳುತ್ತೇವೆ. ಹೀಗೆ ಬಂದು ಹೋದರೆ ಕಾರಣವನ್ನು ನಾವೇ ಊಹಿಸಿಕೊಂಡು ಸುಮ್ಮನಾಗುತ್ತೇವೆ. ಆ ಊಹೆಗಳಲ್ಲಿ ಹೆಚ್ಚಿನವು ತಪ್ಪು.

ನಂಬಿಕೆ: ಡ್ಯಾಮಿನಲ್ಲಿ ನೀರಿಲ್ಲ, ಅದಕ್ಕೇ ಲೋಡ್ ಶೆಡ್ಡಿಂಗ್.

ಸತ್ಯ: 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿದ್ದು ಶಿವನಸಮುದ್ರದ ಕರೆಂಟಿನಿಂದ. ಈಗ ಊರು ಒಂದೇ ಜಲಪಾತವನ್ನು ನಂಬಿ ಕೂತಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಮಾರ್ಗದ ಮೂಲಕ ದಕ್ಷಿಣದ ವಿದ್ಯುತ್ ಜಾಲ ಇಡೀ ದೇಶದ ಜಾಲಕ್ಕೆ ಸೇರಿತು. ವಿದ್ಯುತ್ ಸಾಲದೆ ಲೋಡ್ ಶೆಡ್ಡಿಂಗ್ ಮಾಡಿದರೆ ಅದು ಅರ್ಧ ತಾಸು, ಒಂದು ತಾಸಿನ ಮಾತು. ಐದು ಸೆಕೆಂಡಿನ ಕಡಿತದ ಮೂಲ ಸಾಮಾನ್ಯವಾಗಿ ಹತ್ತಿರದಲ್ಲೇ ಇರುತ್ತದೆ: ಸಬ್‌ಸ್ಟೇಷನ್ನಿನಿಂದ ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರಿಗೆ (ಟಿಸಿ) ಬರುವ 11 ಕೆವಿ ಫೀಡರಿನಲ್ಲಿ.

ನಂಬಿಕೆ: ಮಳೆ ಶುರುವಾದ ಕೂಡಲೇ ಕರೆಂಟ್ ಆಫೀಸಿನವರೇ ಆಫ್ ಮಾಡಿಬಿಡುತ್ತಾರೆ.

ಸತ್ಯ: ಅಪಾಯ ಕಂಡರೆ ಆಫ್ ಮಾಡುವುದುಂಟು, ರಿಪೇರಿಗೆ ಕಂಬ ಹತ್ತುವ ಮೊದಲು ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿಸಿದ ಅನುಮತಿ) ತೆಗೆದುಕೊಳ್ಳಲೇಬೇಕು. ಆದರೆ ಕ್ಷಣಮಾತ್ರ ಹೋಗಿ ಬರುವುದು ಬಹುತೇಕ ಯಂತ್ರದ ಕೆಲಸ. ಇಂದಿರಾನಗರದ ಮರದ ಕೊಂಬೆಯೊಂದು ಗಾಳಿಗೆ ತಂತಿಗೆ ತಾಗುತ್ತದೆ. ಇಲ್ಲವೇ ಇನ್ಸುಲೇಟರ್ ಮೇಲೆ ಬೇಸಿಗೆಯಿಡೀ ಕೂತ ಧೂಳು ಮೊದಲ ಹನಿಗೆ ಒದ್ದೆಯಾಗಿ ಕರೆಂಟಿಗೆ ಅಡ್ಡದಾರಿಯಾಗುತ್ತದೆ. ಅಳಿಲು ತಂತಿಗೂ ಕಂಬದ ಕಬ್ಬಿಣಕ್ಕೂ ಸೇತುವೆಯಾದರೂ ಆಯಿತು. ಕರೆಂಟ್ ಮಿತಿ ಮೀರಿ ಹರಿಯುವುದನ್ನು ರಿಲೇ ಗುರುತಿಸಿ ಬ್ರೇಕರನ್ನು ಬೀಳಿಸುತ್ತದೆ; ಇದೇ "ಲೈನ್ ಟ್ರಿಪ್". ಕೊಂಬೆ ಸರಿದಿದ್ದರೆ ದೋಷವೂ ಮುಗಿಯಿತು. ಆಟೋ ರೀಕ್ಲೋಸರ್ ಇರುವ ಲೈನಿನಲ್ಲಿ ಕರೆಂಟ್ ತಾನಾಗಿ ಸೆಕೆಂಡುಗಳಲ್ಲಿ ಮರಳುತ್ತದೆ. ಇಲ್ಲದ ಕಡೆ ಸಬ್‌ಸ್ಟೇಷನ್ ಆಪರೇಟರ್ ಲೈನ್ ಚಾರ್ಜ್ ಮಾಡಬೇಕು, ಕೆಲವು ನಿಮಿಷ ಹಿಡಿಯುತ್ತದೆ. ಟ್ರಿಪ್ ಆಗದೇ ಇದ್ದಿದ್ದರೆ ತಂತಿ ಸುಟ್ಟು ರಸ್ತೆಗೆ ಬೀಳಬಹುದಿತ್ತು. ಒಮ್ಮೆ ಟ್ರಿಪ್ ಆಗುವುದು ರಕ್ಷಣೆ. ವಾರವಿಡೀ ಆಗುವುದು ಯಾರೋ ಕತ್ತರಿಸದೆ ಬಿಟ್ಟ ಕೊಂಬೆ, ಬದಲಿಸದೆ ಬಿಟ್ಟ ಇನ್ಸುಲೇಟರ್.

ನಂಬಿಕೆ: ಅಂಡರ್‌ಗ್ರೌಂಡ್ ಕೇಬಲ್ ಬಂದರೆ ಈ ಕಾಟವೇ ಇರುವುದಿಲ್ಲ.

ಸತ್ಯ: ಕೊಂಬೆ, ಅಳಿಲು, ಗಾಳಿಯ ಕಾಟ ತಪ್ಪುತ್ತದೆ, ನಿಜ. ಶಿವಾಜಿನಗರದಂಥ ಇಕ್ಕಟ್ಟು ಗಲ್ಲಿಗಳಿಗೆ ಅದೇ ಕ್ಷೇಮ ಕೂಡ. ಆದರೆ ನೀರಿನ ಪೈಪಿಗೋ ಇಂಟರ್‌ನೆಟ್ ಕೇಬಲಿಗೋ ಅಗೆಯುವ ಜೆಸಿಬಿಯ ಹಲ್ಲು ತಾಗಿದರೆ ಕೇಬಲಿನ ಗಾಯ ತಾನಾಗಿ ವಾಸಿಯಾಗದು. ಎಲ್ಲಿ ಕೆಟ್ಟಿದೆ ಎಂದು ಪತ್ತೆ ಹಚ್ಚಿ, ಅಗೆದು, ಜಾಯಿಂಟ್ ಹಾಕಬೇಕು. ಕಡಿತಗಳ ಸಂಖ್ಯೆ ಇಳಿಯುತ್ತದೆ, ಒಂದೊಂದರ ಅವಧಿ ಹೆಚ್ಚಬಹುದು. ಇನ್ನೊಂದು ಫೀಡರಿನಿಂದ ಕರೆಂಟ್ ತಿರುಗಿಸಿ ಕೊಡಲೆಂದೇ ಫುಟ್‌ಪಾತಿನ ಮೇಲೆ ಆರ್‌ಎಂಯು (ರಿಂಗ್ ಮೇನ್ ಯೂನಿಟ್) ಪೆಟ್ಟಿಗೆಗಳಿರುವುದು.

ನಂಬಿಕೆ: ಮಹಡಿ ಮೇಲೆ ಸೋಲಾರ್ ಹಾಕಿಸಿದರೆ ಕರೆಂಟ್ ಹೋದದ್ದೇ ಗೊತ್ತಾಗದು.

ಸತ್ಯ: ಬ್ಯಾಟರಿಯಿಲ್ಲದ ಆನ್‌ಗ್ರಿಡ್ ಸೋಲಾರ್, ಬೀದಿಯ ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ, ನೆತ್ತಿಯ ಮೇಲೆ ಬಿಸಿಲಿದ್ದರೂ. ನಿಲ್ಲದಿದ್ದರೆ ನಿಮ್ಮ ಮನೆಯ ಕರೆಂಟ್ ಲೈನಿಗೆ ಹರಿದು ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕೇ ಎರವಾಗುತ್ತದೆ. ಸ್ಟೆಬಿಲೈಜರ್ ಕೂಡ ವೋಲ್ಟೇಜ್ ಸರಿದೂಗಿಸುತ್ತದೆಯೇ ಹೊರತು ಕರೆಂಟ್ ಕೂಡಿಡುವುದಿಲ್ಲ. ಮಾಡೆಮ್, ಕಂಪ್ಯೂಟರಿಗೆ ಬೇಕಾದದ್ದು ಯುಪಿಎಸ್.

ನಂಬಿಕೆ: ಎರಡು ನಿಮಿಷದ ಕಡಿತಕ್ಕೆ ದೂರು ಕೊಟ್ಟು ಏನು ಪ್ರಯೋಜನ?

ಸತ್ಯ: ದೂರು ಹೆಚ್ಚು ಬೇಕಿರುವುದು ಇದಕ್ಕೇ. ಪೂರೈಕೆಯ ಗುಣಮಟ್ಟ ಅಳೆಯುವ ಎಸ್‌ಎಐಎಫ್‌ಐ, ಎಸ್‌ಎಐಡಿಐ ಎಂಬ, ಕಡಿತಗಳ ಸಂಖ್ಯೆ ಮತ್ತು ಅವಧಿಯ ಸೂಚ್ಯಂಕಗಳು ಸಾಮಾನ್ಯವಾಗಿ ಕೆಲವು ನಿಮಿಷ ಮೀರಿದ ಕಡಿತಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತವೆ. ನಿಮ್ಮ ಮೂವತ್ತು ಸೆಕೆಂಡು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಹಾಗಾಗಿ ಲೆಕ್ಕ ನೀವೇ ಇಡಿ: ದಿನಾಂಕ, ಹೋದ ಹೊತ್ತು, ಬಂದ ಹೊತ್ತು, ಮಳೆ ಗಾಳಿ ಇತ್ತೇ ಎಂಬುದು.

ಜೊತೆಗೆ ಹೊರಗೆ ಬಂದು ಬೀದಿ ನೋಡಿ. ನಿಮ್ಮ ಮನೆ ಮಾತ್ರ ಕತ್ತಲಾದರೆ ತೊಂದರೆ ಎಂಸಿಬಿ, ಮೀಟರ್ ಅಥವಾ ಸರ್ವಿಸ್ ವೈರಿನಲ್ಲಿ. ಒಂದು ಮನೆ ಬಿಟ್ಟು ಒಂದು ಮನೆಯಲ್ಲಿ ದೀಪವಿದ್ದರೆ ಒಂದು ಫೇಸ್ ಹೋಗಿದೆ: ಟಿಸಿಯ ಫ್ಯೂಸ್ ಹೋಗಿರಬಹುದು, ತಂತಿಗಳನ್ನು ಜೋಡಿಸುವ ಜಂಪ್ ಕಟ್ ಆಗಿರಬಹುದು. ಇಡೀ ಏರಿಯಾ ಒಟ್ಟಿಗೆ ಹೋಗಿ ಒಟ್ಟಿಗೆ ಬಂದರೆ ಅದು ಫೀಡರ್.

ಬೆಂಗಳೂರಿನ ವಿದ್ಯುತ್ ಕಂಪನಿ ಬೆಸ್ಕಾಂನ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಪಕ್ಕದ ಮನೆಯವರೂ ಮಾಡಲಿ. "ಆಗಾಗ ಕರೆಂಟ್ ಹೋಗುತ್ತೆ ಸಾರ್" ಎಂದರೆ ಎಂಜಿನಿಯರ್ ಬಳಿ ಉತ್ತರವಿರುವುದಿಲ್ಲ. ಗಾಳಿ ಬೀಸಿದಾಗಲೆಲ್ಲ ಇದೇ ಮೂರು ಬೀದಿ ಕತ್ತಲಾಗುತ್ತವೆ ಎಂದು ಹಾಳೆ ಮುಂದಿಟ್ಟರೆ, ಯಾವ ಕಂಬದಿಂದ ಹುಡುಕಲು ಶುರುಮಾಡಬೇಕೆಂಬುದು ಅವರಿಗೂ ತಿಳಿಯುತ್ತದೆ.