ಹುಳಿಯ ಸುಳಿವು ಹಿಡಿಯುವ ಚಿಪ್

ನೆದರ್ಲೆಂಡ್ಸಿನ ಟ್ವೆಂಟೆಯಲ್ಲಿ ಪೀಟ್ ಬರ್ಗ್‌ವೆಲ್ಡ್ 1970ರಲ್ಲಿ ಟ್ರಾನ್ಸಿಸ್ಟರಿನ ಲೋಹದ ಗೇಟನ್ನು ಕೈಬಿಟ್ಟು, ಕೆಳಗಿನ ಆಕ್ಸೈಡ್ ಪದರವನ್ನು ನೇರವಾಗಿ ದ್ರಾವಣಕ್ಕೆ ಒಡ್ಡಿದರು. ದ್ರಾವಣದ ಆಮ್ಲೀಯತೆ ಬದಲಾದಂತೆ ಟ್ರಾನ್ಸಿಸ್ಟರಿನಲ್ಲಿ ಹರಿಯುವ ವಿದ್ಯುತ್ತೂ ಬದಲಾಯಿತು. ಅವರಿಗೆ ಬೇಕಿದ್ದದ್ದು ನರಗಳ ಚಟುವಟಿಕೆ ಅಳೆಯುವ ಸಾಧನ. ಐಸ್‌ಫೆಟ್ ಎಂದು ಹೆಸರಾದ ಆ ಸಂವೇದಕ ಈಗ ರೋಗಾಣುಗಳ ಬೆನ್ನು ಹತ್ತಿದೆ.

ಡಿಎನ್‌ಎ ಎಳೆಗೆ ಒಂದೊಂದು ಅಕ್ಷರ ಸೇರಿದಾಗಲೂ ಒಂದು ಹೈಡ್ರೋಜನ್ ಅಯಾನು ಹೊರಬೀಳುತ್ತದೆ. ಮಾದರಿಯಲ್ಲಿ ರೋಗಾಣುವಿನ ವಂಶವಾಹಿ ಇದ್ದರೆ, ಅದಕ್ಕೆಂದೇ ರೂಪಿಸಿದ ಪ್ರೈಮರ್ ಎಂಬ ಡಿಎನ್‌ಎ ತುಣುಕುಗಳು ಅಂಟಿಕೊಂಡು ನಕಲುಗಳು ಕೋಟಿಗಟ್ಟಲೆ ಹೆಚ್ಚುತ್ತವೆ, ದ್ರಾವಣ ಹುಳಿಯಾಗುತ್ತದೆ. ಜಪಾನಿನಲ್ಲಿ ಹುಟ್ಟಿ 2000ದಲ್ಲಿ ಪ್ರಕಟವಾದ, ನಕಲು ಹೆಚ್ಚಿಸುವ ಲ್ಯಾಂಪ್ ವಿಧಾನ ಇದಕ್ಕೆ ಹೇಳಿ ಮಾಡಿಸಿದ್ದು. ಪಿಸಿಆರ್‌ನಂತೆ ಕಾಯಿಸಿ ತಣಿಸುವ ಸುತ್ತುಗಳಿಲ್ಲ. 60ರಿಂದ 65 ಡಿಗ್ರಿ ಶಾಖ ಒಂದೇ ಸಮನೆ ಇದ್ದರೆ ಸಾಕು. ಬೆಂಗಳೂರಿನ ಬಿಗ್‌ಟೆಕ್ ರೂಪಿಸಿದ, ಕ್ಷಯ ಪತ್ತೆಗೆ ಹೆಸರಾದ ಟ್ರೂನ್ಯಾಟ್ ಪರೀಕ್ಷೆ ಕೂಡ ಫಲಿತಾಂಶಕ್ಕಾಗಿ ಹೊಳೆಯುವ ರಾಸಾಯನಿಕದ ಬೆಳಕನ್ನು ಓದುತ್ತದೆ. ಐಸ್‌ಫೆಟ್‌ಗೆ ಆ ಬೆಳಕೂ ಬೇಡ.

ಆದರೆ ಹದ ಸಿಗುವುದು ಸುಲಭವಲ್ಲ. ಪ್ರಯೋಗಾಲಯದ ಮಾಮೂಲಿ ಮಿಶ್ರಣದಲ್ಲಿ ಆಮ್ಲೀಯತೆ ಏರುಪೇರಾಗದಂತೆ ತಡೆಯುವ ಬಫರ್ ಇರುತ್ತದೆ. ಅದನ್ನೇ ಬಳಸಿದರೆ ಹೊರಬಿದ್ದ ಅಯಾನುಗಳನ್ನೆಲ್ಲ ಬಫರೇ ನುಂಗಿಬಿಡುತ್ತದೆ. ಪೂರ್ತಿ ತೆಗೆದರೆ ನಕಲು ಮಾಡುವ ಕಿಣ್ವ ಮುನಿಯುತ್ತದೆ. ಆಮ್ಲೀಯತೆಯ ಅಳತೆಯಾದ ಪಿಎಚ್ ಒಂದಂಕ ಬದಲಾದರೂ ಕೋಣೆಯ ಉಷ್ಣತೆಯಲ್ಲಿ ಸಿಗುವ ಸಂಕೇತ ಹೆಚ್ಚೆಂದರೆ ಸುಮಾರು 59 ಮಿಲಿವೋಲ್ಟ್. ಅದರ ಜೊತೆಗೆ ಸಂವೇದಕದ ಅಳತೆ ಸುಮ್ಮನಿದ್ದರೂ ನಿಧಾನಕ್ಕೆ ಜಾರುತ್ತಿರುತ್ತದೆ. ಜಾರಿಕೆ ಯಾವುದು, ಸೋಂಕು ಯಾವುದು? ಬೇರ್ಪಡಿಸಲು ಒಂದೇ ಚಿಪ್‌ನಲ್ಲಿ ಸಾವಿರಾರು ಸಂವೇದಕಗಳನ್ನಿಟ್ಟು ಒಟ್ಟಿಗೆ ಓದುತ್ತಾರೆ. ಈ ತಾಳ್ಮೆಯ ಲೆಕ್ಕಾಚಾರವೇ ಇಡೀ ಸಾಧನೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು.

ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಕ್ರಿಸ್ ಟೂಮಾಝೂ ಮತ್ತು ಸಂಗಡಿಗರು ಡಿಎನ್‌ಎ ವೃದ್ಧಿ, ಪತ್ತೆ ಎರಡನ್ನೂ ಚಿಪ್ ಮೇಲೆಯೇ ನಡೆಸಿ 2013ರಲ್ಲಿ ವರದಿ ಮಾಡಿದರು. ಅಲ್ಲಿಯೇ ಪ್ಯಾಂಟೆಲಿಸ್ ಜಾರ್ಜಿಯು ಅವರ ತಂಡ 2019ರಲ್ಲಿ ಮಲೇರಿಯಾದ ಜೊತೆಗೆ ಆರ್ಟೆಮಿಸಿನಿನ್ ಔಷಧಿಗೆ ಬಗ್ಗದ ತಳಿಯನ್ನೂ ಗುರುತಿಸಿತು. 2021ರಲ್ಲಿ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಸಾಧನದಲ್ಲಿ 20 ನಿಮಿಷದೊಳಗೆ ಕೊರೊನಾ ವೈರಸ್ ಪತ್ತೆ ಮಾಡಿ ತೋರಿಸಿತು.

ಈ ಚಿಪ್ ಅಗ್ಗವಾಗಬಲ್ಲದು ಏಕೆಂದರೆ ಇದಕ್ಕೆ ಬೇರೆ ಕಾರ್ಖಾನೆ ಬೇಕಿಲ್ಲ. ಮೊಬೈಲ್ ಚಿಪ್‌ಗಳ ಸಿಮೋಸ್ ತಯಾರಿಕೆಯಲ್ಲೇ ಇದೂ ಸಿದ್ಧವಾಗುತ್ತದೆ. ರಕ್ಷಣೆಗೆಂದು ಹಚ್ಚುವ ಸಿಲಿಕಾನ್ ನೈಟ್ರೈಡ್ ಪದರವೇ ಆಮ್ಲೀಯತೆಯನ್ನು ಗ್ರಹಿಸುತ್ತದೆ. ಹಾಗೆಂದು ಪರೀಕ್ಷೆಯೇ ಅಗ್ಗವಾಯಿತು ಎನ್ನಲಾರೆ. 2021ರ ಪ್ರಯೋಗದಲ್ಲೂ ಸಾಧನಕ್ಕೆ ಕೊಟ್ಟದ್ದು ಮೊದಲೇ ಬೇರ್ಪಡಿಸಿಟ್ಟ ಆರ್‌ಎನ್‌ಎ. ಉಗುಳು, ರಕ್ತದಿಂದ ಅದನ್ನು ಹೊರತೆಗೆಯುವ ಕೆಲಸ, ಕಿಣ್ವಗಳನ್ನು ಕೆಡದಂತೆ ಸಾಗಿಸುವ ಖರ್ಚು ಇವೆರಡೂ ಇಳಿದಾಗಲೇ ರೋಗಿ ತೆರುವ ಬೆಲೆ ಇಳಿದೀತು.