ಮಧುಮೇಹವೂ ದೇಹದೊಳಗಿನ ತುಕ್ಕೂ

ಮಧುಮೇಹವೆಂದರೆ ರಕ್ತದಲ್ಲಿ ಸಕ್ಕರೆಯು ಮಿತಿಮೀರುವ ರೋಗವೆಂಬುದನ್ನು ಎಲ್ಲರೂ ಬಲ್ಲರು. ಆ ಸಕ್ಕರೆಯು ಕಣ್ಣು, ಮೂತ್ರಪಿಂಡ, ನರಗಳನ್ನು ಕೆಡಿಸುವ ಬಗೆಯನ್ನು ಬಲ್ಲವರು ಕಡಮೆ. ಊರಿನ ಯಜಮಾನರೂ ಭೂಮಾಲೀಕರೂ ಇದನ್ನು ಅರಿತಿರುವುದು ಅವಶ್ಯಕ.

ಮಳೆಗೆ ಬಿಟ್ಟ ನೇಗಿಲಿನ ಗುಳಕ್ಕೆ ತುಕ್ಕು ಹಿಡಿಯುವುದರಲ್ಲಿ ನೀರಿನೊಡನೆ ಗಾಳಿಯ ಆಮ್ಲಜನಕಕ್ಕೂ ಪಾಲುಂಟು. ಅದೇ ಆಮ್ಲಜನಕವು ನಮ್ಮ ಜೀವಕೋಶಗಳಲ್ಲಿ ಆಹಾರವನ್ನು ದಹಿಸಿ ಶಕ್ತಿಯನ್ನು ಕೊಡುತ್ತದೆ. ಆಗ ಅದರ ಅಲ್ಪಾಂಶವು ಉಗ್ರರೂಪವನ್ನು ತಾಳಿ ಸುತ್ತಣ ಅಂಶಗಳನ್ನು ಕೆಡಿಸುತ್ತದೆ. ಇದನ್ನು ತಡೆಯಲು ದೇಹವೇ ರಕ್ಷಕ ದ್ರವ್ಯಗಳನ್ನು ಒದಗಿಸಿಕೊಳ್ಳುತ್ತದೆ. ಕೆಡುಕು ಹೆಚ್ಚಿ ರಕ್ಷಣೆಯು ಸಾಲದೆಹೋದ ಸ್ಥಿತಿಯನ್ನು ಉತ್ಕರ್ಷಣ ಒತ್ತಡವೆನ್ನುವರು.

ರಕ್ತದಲ್ಲಿ ಸಕ್ಕರೆಯು ಹೆಚ್ಚಿದಾಗ ಸೂಕ್ಷ್ಮ ರಕ್ತನಾಳಗಳ ಕೋಶಗಳು ಅದನ್ನು ತಡೆಯಲಾರದೆ ಒಳಕ್ಕೆ ಬಿಟ್ಟುಕೊಳ್ಳುತ್ತವೆ. ಉಗ್ರ ಆಮ್ಲಜನಕವು ಅಧಿಕವಾಗಿ ಹುಟ್ಟುತ್ತದೆ. ರೋಗದ ಹಲವು ಉಪದ್ರವಗಳಿಗೆ ಇದೇ ಸಮಾನ ಮೂಲವೆಂದು ನ್ಯೂಯಾರ್ಕಿನ ಮೈಕೇಲ್ ಬ್ರೌನ್‌ಲೀಯವರು 2001ರಲ್ಲಿ ಪ್ರತಿಪಾದಿಸಿದರು. ಇನ್ಸುಲಿನ್ನನ್ನು ಸ್ರವಿಸುವ ಕೋಶಗಳಲ್ಲಿ ರಕ್ಷಕ ದ್ರವ್ಯಗಳು ಸ್ವಭಾವತಃ ಕಡಮೆ. ಆದಕಾರಣ ಅವೂ ಸೊರಗಿ, ರೋಗವು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ.

ಹಾಗಾದರೆ ಉತ್ಕರ್ಷಣವನ್ನು ತಡೆಯುವ ಮಾತ್ರೆಗಳನ್ನು ನುಂಗಿದರೆ ಸಾಲದೆ? ಸಾಲದು. 2000ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ 9,541 ಮಂದಿ ಇದ್ದರು. ಅವರಲ್ಲಿ ಮೂರರಲ್ಲೊಂದು ಪಾಲಿಗೂ ಮಿಕ್ಕು ಮಧುಮೇಹಿಗಳು. ಅರ್ಧದಷ್ಟು ಜನರಿಗೆ ನಾಲ್ಕೂವರೆ ವರ್ಷಗಳ ಕಾಲ ‘ಇ’ ಜೀವಸತ್ತ್ವವನ್ನು ಕೊಟ್ಟರೂ ಹೃದಯಾಘಾತಗಳು ತಗ್ಗಲಿಲ್ಲ. ಇದಕ್ಕೆ ಪ್ರತಿಯಾಗಿ, ಬ್ರಿಟನ್ನಿನಲ್ಲಿ ಹೊಸದಾಗಿ ರೋಗ ಗೊತ್ತಾದವರ ಸಕ್ಕರೆಯನ್ನು ಹತ್ತು ವರ್ಷ ಬಿಗಿಯಾಗಿ ಹತೋಟಿಯಲ್ಲಿರಿಸಲಾಗಿ, ಸೂಕ್ಷ್ಮ ರಕ್ತನಾಳಗಳ ಉಪದ್ರವಗಳು ನೂರಕ್ಕೆ 25ರಷ್ಟು ಇಳಿದುವೆಂದು 1998ರಲ್ಲಿ ಸಿದ್ಧಪಟ್ಟಿತು. ತುಕ್ಕನ್ನು ಉಜ್ಜುತ್ತ ಕೂರುವುದಕ್ಕಿಂತ ಗುಳವನ್ನು ಮಳೆಗೆ ಬಿಡದಿರುವುದೇ ಲೇಸು.

ಆದುದರಿಂದ ಗ್ರಾಮಸ್ಥರು ಗಮನಿಸತಕ್ಕ ಅಂಶಗಳಿವು. ನಲವತ್ತು ದಾಟಿದವರು, ತಾಯಿತಂದೆಗಳಲ್ಲಿ ರೋಗವಿದ್ದವರು ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳತಕ್ಕದ್ದು. ರಾಗಿಯು ಒಳ್ಳೆಯ ಧಾನ್ಯವಾದರೂ ಅದರಲ್ಲಿಯೂ ಪಿಷ್ಟವೇ ಅಧಿಕ. ಮುದ್ದೆಗೂ ಮಿತಿಯಿರಲಿ, ಸೊಪ್ಪು ಕಾಳುಗಳು ಹೆಚ್ಚಲಿ. ಕಾಲಿನ ಸ್ಪರ್ಶಜ್ಞಾನ ಕುಂದಿದವರು ಬರಿಗಾಲಲ್ಲಿ ಹೊಲಕ್ಕಿಳಿಯಬಾರದು. ಮುಳ್ಳು ಚುಚ್ಚಿದುದು ತಿಳಿಯದೆ ಗಾಯವು ಕೊಳೆತೀತು. ಜಾಹೀರಾತಿನ ಚೂರ್ಣ ಮಾತ್ರೆಗಳನ್ನು ನಂಬಿ ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸುವುದು ಸರ್ವಥಾ ಸಲ್ಲದು. ಊರಿನ ಹಿರಿಯರು ಈ ಮಾತುಗಳನ್ನು ಸಭೆಗಳಲ್ಲಿ ತಿಳಿಯಹೇಳಿದರೆ ಅನೇಕರ ಕಣ್ಣೂ ಕಾಲೂ ಉಳಿದಾವು.